ಹಿರಿಯಡ್ಕಕ್ಕೆ ತಲುಪದ ಹಣ

ಉಡುಪಿ ಜಿಲ್ಲೆಯ ಕಾರಾಗೃಹ ಇರುವುದು ಹಿರಿಯಡ್ಕದ ಬಳಿ. ಕಾಪು, ಕಾರ್ಕಳದ ಮನೆಯವರು ಬಸ್ಸು ಹಿಡಿದು ಹೋಗಿ ಒಳಗಿರುವವರ ಹೆಸರಿಗೆ ಸೋಪಿನಂಥ ಸಣ್ಣಪುಟ್ಟ ಖರ್ಚಿನ ಹಣ ಕಟ್ಟಿ ಬಂದಾರು. ಮಣಿಪಾಲದ ಕಟ್ಟಡ ಕೆಲಸಕ್ಕೆ ದೂರದೂರಿನಿಂದ ಬಂದವನು ಸಿಕ್ಕಿಬಿದ್ದರೆ ಆ ಹಣ ಕಟ್ಟುವವರು ಯಾರು?

ಸೋಪಿನ ಹಣ ಹೇಗೋ ಹೊಂದೀತು; ಕಷ್ಟವಿರುವುದು ಜಾಮೀನಿನಲ್ಲಿ. ಮಧ್ಯಪ್ರದೇಶದ ಬಡ ಗಾರೆ ಕೆಲಸಗಾರ ಮೋತಿರಾಮ್‌ಗೆ 10,000 ರೂಪಾಯಿಯ ಶ್ಯೂರಿಟಿ ಕೇಳಲಾಗಿತ್ತು. ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅವನ ಶ್ಯೂರಿಟಿಯನ್ನೂ ಒಪ್ಪಲಿಲ್ಲ. 1978ರಲ್ಲಿ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1,000 ರೂಪಾಯಿಯ ಸ್ವಂತ ಬಾಂಡ್ ಸಾಕೆಂದರು. ಆದರೂ ಜಾಮೀನು ಸಿಕ್ಕಿ, ದುಡ್ಡಿಲ್ಲದೆ ಒಳಗೇ ಉಳಿಯುವವರು ದೇಶದಲ್ಲಿ ಈಗಲೂ ಇದ್ದಾರೆ.

ಇಂಥವರಿಗಾಗಿಯೇ 2023ರಲ್ಲಿ ಕೇಂದ್ರ ಸರ್ಕಾರ ಬಡ ಕೈದಿಗಳ ನೆರವು ಯೋಜನೆ ತಂದಿತು. ಆಗ ನಿಗದಿಯಾದಂತೆ ವಿಚಾರಣಾಧೀನ ಕೈದಿಯ ಜಾಮೀನಿಗೆ 40,000, ಶಿಕ್ಷೆಯಾದವರ ದಂಡಕ್ಕೆ 25,000 ರೂಪಾಯಿಯವರೆಗೆ ಸರ್ಕಾರವೇ ಕಟ್ಟಬಹುದು. ಗಾಂಜಾದಂಥ ಮಾದಕವಸ್ತು ಪ್ರಕರಣಗಳಿಗೆ ಇದು ಇಲ್ಲ. ತೀರ್ಮಾನಿಸಬೇಕಾದ ಜಿಲ್ಲಾ ಸಮಿತಿಯಲ್ಲಿ ಜಿಲ್ಲಾಧಿಕಾರಿ, ಎಸ್ಪಿ, ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ ಎಲ್ಲರೂ ಇದ್ದಾರೆ. ಉಡುಪಿಯಲ್ಲಿ ಈ ಸಮಿತಿ ಎಷ್ಟು ಸಲ ಸೇರಿತು, ಯಾರಿಗಾದರೂ ನೆರವಾಯಿತೇ ಎಂಬುದನ್ನು ಜಿಲ್ಲಾಡಳಿತ ಪ್ರಕಟಿಸಲಿ. ಕಾರಾಗೃಹದ ಭೇಟಿ ಕೊಠಡಿಯಲ್ಲಿ ಯೋಜನೆಯ ವಿವರವನ್ನು ಕನ್ನಡದ ಜೊತೆ ಹಿಂದಿಯಲ್ಲೂ ಬರೆಸಿ ಹಾಕಲಿ.