ಪ್ರೋಟೀನುಗಳ ಕೂಟಕ್ಕೆ ಉಂಗುರದ ಮಧ್ಯಸ್ಥಿಕೆ

ಹಲಸಂಗಿ, ಇಂಡಿ, ಸಿಂದಗಿಗಳ ಕಡೆಯ ವಿದ್ಯಾರ್ಥಿಗೆ ಶೇಂಗಾ ಬೀಜದ ಪರಿಚಯವನ್ನು ನಾವು ಮಾಡಿಕೊಡಬೇಕಾಗಿಲ್ಲ. ಆದರೆ ಆ ಬೀಜದೊಳಗಿನ ಲೆಕ್ಟಿನ್ ಎಂಬ ಪ್ರೋಟೀನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಹುಕಾಲ ಸಂಶೋಧನೆಯ ವಸ್ತುವಾಗಿದ್ದಿತೆಂಬುದನ್ನು ಬಲ್ಲವರು ವಿರಳ. ಡಾ. ಎಂ. ವಿಜಯನ್ ಮತ್ತು ಅವರ ಸಂಗಡಿಗರು ಅದನ್ನು ಹರಳುಗಟ್ಟಿಸಿ ನಡೆಸಿದ ಮೊದಲ ಕ್ಷ-ಕಿರಣ ಪರೀಕ್ಷೆಯ ವರದಿ 1982ರಲ್ಲಿ ಹೊರಬಿದ್ದಿತು. ಅಣುವಿನ ರಚನೆ ಪ್ರಕಟವಾದುದು 1994ರಲ್ಲಿ. ಒಂದೇ ತೆರನಾದ ನಾಲ್ಕು ಘಟಕಗಳು ಕೂಡಿದರೆ ಅಚ್ಚುಕಟ್ಟಾದ ಸಮಮಿತಿಯಿಂದ ಕೂಡುವುವೆಂದು ಯಾರಾದರೂ ನಿರೀಕ್ಷಿಸುವರು. ಶೇಂಗಾ ಲೆಕ್ಟಿನ್ನಿನ ಘಟಕಗಳು ಆ ನಿರೀಕ್ಷೆಯನ್ನು ಲೆಕ್ಕಿಸದೆ ತಮ್ಮದೇ ರೀತಿಯಲ್ಲಿ ಕೂಡಿಕೊಂಡಿದ್ದವು. 1996ರಲ್ಲಿ ಹಲಸಿನ ಬೀಜದ ಲೆಕ್ಟಿನ್ನೂ ಅದೇ ತಂಡದವರಿಗೆ ತನ್ನ ಗುಟ್ಟನ್ನು ಬಿಟ್ಟುಕೊಟ್ಟಿತು.

ಪ್ರೋಟೀನುಗಳು ಕೂಡುವ ರೀತಿಯನ್ನು ಅರಿಯುವುದು ಒಂದು ಕೆಲಸ. ಅವು ನಾವು ಬಯಸಿದಂತೆ ಕೂಡುವ ಹಾಗೆ ಮಾಡುವುದು ಬೇರೊಂದು ಕೆಲಸ. ಉಪ್ಪಿನ ನೀರು ಆರಿದರೆ ಹರಳು ತಾನಾಗಿ ಮೂಡುತ್ತದೆ. ಪ್ರೋಟೀನು ಹಾಗಲ್ಲ. ಅದು ದೊಡ್ಡದು, ಮೃದುವಾದುದು, ಅಂಕುಡೊಂಕಾದುದು. ಅದರ ಹರಳಿನಲ್ಲಿ ಸುಮಾರು ಅರ್ಧಭಾಗ ನೀರೇ ಇರುವುದುಂಟು. ಆದುದರಿಂದ ಶೋಧಕರು ಲವಣ, ಆಮ್ಲತೆ, ಉಷ್ಣತೆಗಳನ್ನು ಬದಲಿಸುತ್ತ ನೂರಾರು ಮಿಶ್ರಣಗಳನ್ನು ಮಾಡಿಟ್ಟು ಕಾಯುತ್ತಾರೆ. ಹರಳು ಬಂದರೆ ಪುಣ್ಯ.

ಈ ಕಾಯುವಿಕೆಗೆ ಪರಿಹಾರವೊಂದು ಉಂಗುರದಾಕಾರದ ದೊಡ್ಡ ಅಣುಗಳಿಂದ, ಎಂದರೆ ಮ್ಯಾಕ್ರೊಸೈಕಲ್‌ಗಳಿಂದ, ದೊರೆಯುವಂತಿದೆ. ಐರ್ಲೆಂಡಿನ ಗಾಲ್ವೇ ವಿಶ್ವವಿದ್ಯಾಲಯದ ಪೀಟರ್ ಕ್ರೌಲಿ ಮತ್ತು ಅವರ ತಂಡದವರು 2012ರಲ್ಲಿ ಸೈಟೊಕ್ರೋಮ್-ಸಿ ಎಂಬ ಪ್ರೋಟೀನಿನೊಡನೆ ಕ್ಯಾಲಿಕ್ಸರೀನ್ ಎಂಬ ಬಟ್ಟಲಿನಂತಹ ಅಣುವನ್ನು ಸೇರಿಸಿ ಹರಳು ಪಡೆದರು. ಬಟ್ಟಲಿನ ಅಂಚಿನಲ್ಲಿ ಋಣ ವಿದ್ಯುದಂಶವಿದೆ. ಪ್ರೋಟೀನಿನ ಮೈಮೇಲೆ ಚಾಚಿಕೊಂಡಿರುವ ಲೈಸೀನ್‌ನ ತುದಿಯಲ್ಲಿ ಧನ ವಿದ್ಯುದಂಶವಿದೆ. ಲೈಸೀನ್ ಬಟ್ಟಲಿನೊಳಗೆ ಕುಳಿತರೆ, ಬಟ್ಟಲಿನ ಹೊರಮೈ ನೆರೆಯ ಪ್ರೋಟೀನನ್ನು ತಾಗಿ ನಿಲ್ಲುತ್ತದೆ. ತಾವಾಗಿ ಹತ್ತಿರ ಸುಳಿಯದ ಎರಡು ಮನೆಗಳ ನಡುವೆ ಹಿರಿಯನೊಬ್ಬನು ಸಂಬಂಧ ಕುದುರಿಸಿದಂತೆಯೇ ಸರಿ.

ಇಂತಹ ಇನ್ನೊಂದು ಉಂಗುರದ ಹೆಸರು ಕುಕುರ್ಬಿಟ್ಯೂರಿಲ್. ಕುಂಬಳದ ಕುಲಕ್ಕೆ ಸಸ್ಯಶಾಸ್ತ್ರಜ್ಞರಿಟ್ಟ ಹೆಸರಿನಿಂದ ಈ ನಾಮಕರಣವಾಯಿತು, ಏಕೆಂದರೆ ಅದರ ಆಕಾರ ಕುಂಬಳಕಾಯಿಯದು. 1905ರಲ್ಲಿ ಜರ್ಮನಿಯ ಬೆಹ್ರೆಂಡ್ ಅದನ್ನು ತಯಾರಿಸಿದ್ದರೂ, ಅದು ಎಂತಹ ವಸ್ತುವೆಂಬುದು ಸ್ಪಷ್ಟವಾದುದು 1981ರಲ್ಲಿ. ಮುಕ್ಕಾಲು ಶತಮಾನ ಕುಂಬಳಕಾಯಿ ಕಣ್ಣಮುಂದೆಯೇ ಇದ್ದಿತು!

ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದುದು ಅದೇ ತಂಡದವರು 2021ರಲ್ಲಿ ಪ್ರಕಟಿಸಿದ ಕಾರ್ಯ. ಬದನೆ, ಟೊಮ್ಯಾಟೊ ಗಿಡಗಳಿಗೆ ಸೊರಗುರೋಗ ತರುವ ಬ್ಯಾಕ್ಟೀರಿಯದ ಲೆಕ್ಟಿನ್ನೊಂದನ್ನು ಅವರು ಎಂಟು ಕೊಂಡಿಗಳ ಕ್ಯಾಲಿಕ್ಸರೀನಿನೊಡನೆ ಬೆರೆಸಿದರು. ದ್ರಾವಣದ ಪಿ.ಎಚ್. 4ರ ಸುಮಾರಿಗೆ ಇಳಿದಾಗ ಪ್ರೋಟೀನಿನ ಮೈಮೇಲೆ ಧನ ವಿದ್ಯುದಂಶ ಹೆಚ್ಚಿ, ಉಂಗುರಗಳು ಅದನ್ನು ಮುತ್ತಿಕೊಂಡವು. ಹೀಗೆ ಎರಡು ಬಗೆಯ ಜಾಲಂದ್ರದಂತಹ ಹರಳುಗಳು ದೊರೆತವು. ಅವುಗಳ ರಂಧ್ರಗಳ ಅಗಲ 3 ನ್ಯಾನೊಮೀಟರಿಗೂ ಮಿಗಿಲು. ಅವುಗಳಲ್ಲಿ ಒಂದು ಬಗೆಯ ಹರಳು ಕೆಲವೇ ಗಂಟೆಗಳಲ್ಲಿ ಮಿಲಿಮೀಟರ್ ಗಾತ್ರಕ್ಕೆ ಬೆಳೆಯಿತು. ಅದಕ್ಕೆ ಬೇರೆ ಲವಣದ ನೆರವಾಗಲಿ ವಿಶೇಷ ಉಪಕರಣವಾಗಲಿ ಬೇಕಾಗಲಿಲ್ಲ.

ಗಣಕಯಂತ್ರವೇ ಪ್ರೋಟೀನಿನ ಆಕಾರವನ್ನು ಊಹಿಸಿ ಹೇಳುವಾಗ ಹರಳಿನ ಗೊಡವೆ ಏಕೆಂದು ಕೆಲವರು ಕೇಳಬಹುದು. ಆ ಸಾಧನೆಗೆ 2024ರಲ್ಲಿ ನೊಬೆಲ್ ಪಾರಿತೋಷಕ ಸಂದಿದೆ. ಅದು ಯೋಗ್ಯವೇ ಆಗಿದೆ. ಆದರೆ ನಕ್ಷೆ ಬರೆದ ಮಾತ್ರಕ್ಕೆ ಮನೆ ನಿಲ್ಲದು. ರಂಧ್ರಗಳಲ್ಲಿ ಬೇರೊಂದು ವಸ್ತುವನ್ನು ಹಿಡಿದಿಡಬೇಕಾದರೆ ಹರಳು ಕೈಯಲ್ಲಿರಬೇಕು. ಉಂಗುರಗಳು ಎಲ್ಲ ಪ್ರೋಟೀನುಗಳಿಗೂ ಒಗ್ಗುವ ಮಂತ್ರವಲ್ಲ, ನಿಜ. ಒಂದೊಂದು ಉಂಗುರಕ್ಕೆ ಒಂದೊಂದು ಬಗೆಯ ಮೈ ಹಿಡಿಸುತ್ತದೆ. ಯಾವುದಕ್ಕೆ ಯಾವುದು ಎಂಬ ಪಟ್ಟಿಯ ಬಹುಭಾಗ ಇನ್ನೂ ಖಾಲಿಯಾಗಿದೆ.

ಆ ಖಾಲಿ ಭಾಗವನ್ನು ತುಂಬುವವರಲ್ಲಿ ನಮ್ಮ ಚಿಕ್ಕ ಊರುಗಳ ಕಾಲೇಜುಗಳೂ ಏಕೆ ಇರಬಾರದು? ಅಡ್ಡಿಯಾಗಿರುವುದು ಹಣವೊಂದೇ ಅಲ್ಲ. ನಮ್ಮಲ್ಲಿ ರಸಾಯನದ ವಿದ್ಯಾರ್ಥಿ ಪ್ರೋಟೀನನ್ನು ಮುಟ್ಟುವುದಿಲ್ಲ, ಜೀವಶಾಸ್ತ್ರದ ವಿದ್ಯಾರ್ಥಿ ಕ್ಯಾಲಿಕ್ಸರೀನಿನ ಹೆಸರನ್ನೇ ಕೇಳುವುದಿಲ್ಲ. ಎರಡು ಪ್ರಯೋಗಶಾಲೆಗಳ ನಡುವಿನ ಗೋಡೆ ಬಲು ಗಟ್ಟಿ. ಹಳ್ಳಿಯಲ್ಲಿ ಇಂಥದು ಆಗದೆಂದು ಮೂಗು ಮುರಿಯುವವರಿಗೆ ಹಲಸಂಗಿಯನ್ನು ನೆನಪಿಸಬಯಸುತ್ತೇವೆ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ವಿಶ್ವವಿದ್ಯಾಲಯದ ಆಸರೆಯಿಲ್ಲದೆ, ಬೀಸುಕಲ್ಲಿನ ಮುಂದಿನ ಹಾಡುಗಳನ್ನು ಅಲ್ಲಿಯೇ ಕಲೆಹಾಕಿದರು. 1931ರಲ್ಲಿ ‘ಗರತಿಯ ಹಾಡು’ ಹೊರಬಂದಿತು.

ಮೊದಲು ಕೋಳಿಮೊಟ್ಟೆಯ ಬಿಳಿಭಾಗದ ಲೈಸೊಜೈಮನ್ನು ಕೊಂಡು ತಂದು, ತುಸು ಹುಳಿಯಾದ ದ್ರಾವಣದಲ್ಲಿ ಉಪ್ಪು ಬೆರೆಸಿ ಹರಳುಗಟ್ಟಿಸಲಿ. ಇದು ಕೆಲವೇ ದಿನಗಳ ಕೆಲಸ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಹರಳು ಕಾಣಿಸುವುದು. ಕೈ ಪಳಗಿದ ಬಳಿಕ ಸೈಟೊಕ್ರೋಮ್, ಅನಂತರ ಉಂಗುರ. ಹರಳಿನೊಳಗಿನ ರಚನೆಯನ್ನು ಓದಲು ಮಾತ್ರ ಪ್ರಬಲವಾದ ಕ್ಷ-ಕಿರಣ ಬೇಕು. ಅದಕ್ಕಾಗಿ ಪರದೇಶಕ್ಕೆ ಹೋಗಬೇಕಾದುದಿಲ್ಲ: ಇಂದೋರಿನ ಇಂಡಸ್-2 ಯಂತ್ರದಲ್ಲಿ ಪ್ರೋಟೀನು ಹರಳುಗಳಿಗಾಗಿಯೇ ಒಂದು ಕಿರಣಪಥವನ್ನು ಮೀಸಲಿಟ್ಟಿದ್ದಾರೆ.