ಕತ್ತರಿಸಿದ ಜಾಗದಲ್ಲಿ ಕವಿತೆ

ಕಲಬುರಗಿಯ ಫೋಟೋ ಸ್ಟುಡಿಯೋಗಳಿಗೆ ಮದುವೆ, ಮುಂಜಿವೆಗಳ ಕೆಲಸದ ಜೊತೆಗೆ ಇನ್ನೊಂದು ಬಗೆಯ ಕೆಲಸವೂ ಬರುತ್ತದೆ. ಕಮಲಾಪುರದ ಕಡೆಯಿಂದಲೋ ಸುತ್ತಲಿನ ಹಳ್ಳಿಗಳಿಂದಲೋ ಬಂದವರು ಚೀಲದೊಳಗಿನಿಂದ ಹಳೆಯದೊಂದು ಗ್ರೂಪ್ ಫೋಟೋ ತೆಗೆದು, ಅದರಲ್ಲಿ ನಿಂತ ಒಬ್ಬರ ಮೇಲೆ ಬೆರಳಿಡುತ್ತಾರೆ. 'ಇವರೊಬ್ಬರನ್ನೇ ತೆಗೆದು ದೊಡ್ಡದು ಮಾಡಿಕೊಡ್ರಿ.' ಹೆಚ್ಚೇನೂ ಹೇಳಬೇಕಾಗಿಲ್ಲ. ಬದುಕಿದ್ದಾಗ ಒಂಟಿಯಾಗಿ ಕ್ಯಾಮೆರಾದ ಮುಂದೆ ಕೂಡದ ಅಪ್ಪನೋ ಅವ್ವನೋ ಈಗ ಬಳಗದಿಂದ ಬೇರೆಯಾಗಿ, ಗಾಜಿನ ಕಟ್ಟಿನೊಳಗೆ ಸೇರುತ್ತಾರೆ. ಪಡಸಾಲೆಯ ಗೋಡೆಯಲ್ಲಿ ದೇವರ ಕ್ಯಾಲೆಂಡರಿನ ಪಕ್ಕ ಅವರಿಗೊಂದು ಮೊಳೆ, ಒಂದು ಹಾರ. ಇಂಥ ಕ್ಯಾಲೆಂಡರುಗಳ ಎಷ್ಟೋ ದೇವರುಗಳಿಗೆ ಮುಖ ಕೊಟ್ಟ ಎಸ್.ಎಂ. ಪಂಡಿತರೂ (1916–1993) ಕಲಬುರಗಿಯವರೇ.

ಅಮೆರಿಕದ ಒಂದು ಮನೆಯಲ್ಲಿ ಇದೇ ಕೆಲಸ ತಿರುವುಮುರುವಾಗಿ ನಡೆಯಿತು.

ಡಯಾನಾ ಖೋಯ್ ನ್ಯುಯೆನ್ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಕವಯಿತ್ರಿ. ತಂದೆ ತಾಯಿ ವಿಯೆಟ್ನಾಂ ಬಿಟ್ಟು ಬಂದ ನಿರಾಶ್ರಿತರು. 2012ರಲ್ಲಿ ಆಕೆಯ ತಮ್ಮ, ಮನೆಯ ಗೋಡೆಯಲ್ಲಿದ್ದ ಕುಟುಂಬದ ಫೋಟೋಗಳನ್ನು ಇಳಿಸಿ, ಅವುಗಳಿಂದ ತನ್ನ ಆಕೃತಿಯನ್ನಷ್ಟೇ ಕತ್ತರಿಸಿ ತೆಗೆದ. ಉಳಿದದ್ದನ್ನು ಮತ್ತೆ ಕಟ್ಟಿನೊಳಗಿಟ್ಟು ತೂಗುಹಾಕಿದ. ಫೋಟೋಗಳು ಗೋಡೆಯಲ್ಲಿ ಹಾಗೆಯೇ ಉಳಿದವು; ಮನೆಯಲ್ಲಿ ಮಾತು ಹುಟ್ಟಲಿಲ್ಲ. 2014ರ ಡಿಸೆಂಬರಿನಲ್ಲಿ ಆತ ಆತ್ಮಹತ್ಯೆ ಮಾಡಿಕೊಂಡ.

ಅಕ್ಕನ ಕೈಗೆ ಸಿಕ್ಕಿದ್ದು ತಮ್ಮನ ಮುಖವಲ್ಲ, ಅವನ ಆಕಾರದ ಖಾಲಿ ಜಾಗ. 2018ರಲ್ಲಿ ಬಂದ 'ಘೋಸ್ಟ್ ಆಫ್' ಸಂಕಲನದಲ್ಲಿ ಆಕೆ ಆ ಫೋಟೋಗಳನ್ನೇ ಅಚ್ಚು ಹಾಕಿಸಿದಳು. ಒಂದು ಕಡೆ ಹುಡುಗನಿರಬೇಕಾದಲ್ಲಿ ಬರೀ ಬಿಳುಪು. ಇನ್ನೊಂದು ಕಡೆ ಅದೇ ಆಕಾರದೊಳಗೆ ತುಂಬಿದ ಕವಿತೆ. ಅಂಚು ಬಂದಲ್ಲಿ ಸಾಲು ಮುರಿಯುತ್ತದೆ, ಪದವೂ ತುಂಡಾಗುತ್ತದೆ. ಮತ್ತೊಂದು ಕಡೆ ಸುತ್ತಲೆಲ್ಲ ಅಕ್ಷರ, ನಡುವೆ ಅವನ ಜಾಗ ಮಾತ್ರ ಖಾಲಿ. ಆ ವರ್ಷ ಪುಸ್ತಕ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡಿನ ಅಂತಿಮ ಸುತ್ತಿಗೆ ಬಂತು. ದೇಶ ಬಿಟ್ಟ ಹೆತ್ತವರ ಹಳೆಯ ಗಾಯಗಳತ್ತ ಆಕೆ ಮತ್ತೆ ತಿರುಗಿದ್ದು 2024ರ 'ರೂಟ್ ಫ್ರಾಕ್ಚರ್ಸ್'ನಲ್ಲಿ.

ಅಕ್ಷರಗಳಿಂದ ಆಕಾರ ಕಟ್ಟುವುದು ಕನ್ನಡಕ್ಕೆ ಹೊಸದಲ್ಲ. ಚಕ್ರಬಂಧ, ಪದ್ಮಬಂಧಗಳ ಹೆಸರು ಹಳೆಗನ್ನಡ ಓದಿದವರಿಗೆ ಗೊತ್ತು. ಸಂಸ್ಕೃತದಲ್ಲಿ ಇಂಥ ಅಕ್ಷರದಾಟಗಳಿಗೆ ಲಕ್ಷಣ ಹೇಳಿದವರಲ್ಲಿ ದಂಡಿ ಒಬ್ಬ. ಅವನ 'ಕಾವ್ಯಾದರ್ಶ'ದ ಜಾಡು ಹಿಡಿದು 9ನೇ ಶತಮಾನದ 'ಕವಿರಾಜಮಾರ್ಗ' ಹುಟ್ಟಿದ್ದು ನೃಪತುಂಗನ ಆಸ್ಥಾನದಲ್ಲಿ. ಆ ರಾಜಧಾನಿಯೇ ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡ. ಆದರೆ ಬಂಧಗಳಲ್ಲಿ ಆಕಾರವನ್ನು ಕವಿ ತನ್ನ ಜಾಣ್ಮೆ ತೋರಲು ಆರಿಸಿಕೊಳ್ಳುತ್ತಿದ್ದ. ನ್ಯುಯೆನ್‌ಗೆ ಆಯ್ಕೆಯೇ ಇರಲಿಲ್ಲ. ಆಕಾರವನ್ನು ತಮ್ಮನೇ ಕತ್ತರಿಸಿಟ್ಟು ಹೋಗಿದ್ದ.

ಸಾವಿರಾರು ಮೈಲಿಯಾಚೆಯ ಈ ಪುಸ್ತಕ ತೊಗರಿ ಸೀಮೆಯ ಮನೆಗಳಿಗೆ ಅಷ್ಟೇನೂ ದೂರದ್ದಲ್ಲ. ಸಾಲಕ್ಕೋ, ಪರೀಕ್ಷೆಗೋ, ಹೇಳಲಾಗದ ಮತ್ತಾವುದೋ ಸಂಕಟಕ್ಕೋ ಪ್ರಾಣ ಕಳೆದುಕೊಂಡವರ ಮಾತು ಬಂದರೆ ಮನೆಮಂದಿ 'ಹೊಟ್ಟೆನೋವಿತ್ತು' ಎಂದು ಮುಗಿಸುತ್ತಾರೆ. ಗೋಡೆಯಲ್ಲಿ ಫೋಟೋ ಇದ್ದರೂ ಬಾಯಲ್ಲಿ ಹೆಸರಿರುವುದಿಲ್ಲ. ಮಕ್ಕಳು ಕೇಳಿದರೆ ಹಿರಿಯರು ಮಾತು ತೇಲಿಸುತ್ತಾರೆ. ಅವಮಾನಕ್ಕೆ ಹೆದರಿ ಹೀಗೆ ಮುಚ್ಚಿಟ್ಟ ದುಃಖ ಕರಗುವುದಿಲ್ಲ, ಮುಂದಿನ ತಲೆಮಾರಿಗೆ ಇಳಿಯುತ್ತದೆ. ಕವಯಿತ್ರಿ ಮಾಡಿದ್ದು ಇಷ್ಟೇ: ಖಾಲಿ ಜಾಗವನ್ನು ಮುಚ್ಚಲಿಲ್ಲ, ಅದರ ಅಂಚಿನಗುಂಟ ಮಾತಾಡಿದಳು.

ಗ್ರೂಪ್ ಫೋಟೋದಿಂದ ಒಬ್ಬರನ್ನು ಬೇರ್ಪಡಿಸುವಾಗ ಸ್ಟುಡಿಯೋದವನಿಗೆ ಒಂದು ತೊಡಕು ಬರುವುದುಂಟು. ಪಕ್ಕದಲ್ಲಿ ನಿಂತವರ ಕೈ ಸತ್ತವರ ಹೆಗಲ ಮೇಲೆ ಉಳಿದುಬಿಡುತ್ತದೆ. ಆತ ಅದನ್ನು ನಾಜೂಕಾಗಿ ಅಳಿಸಿ, ಅಂಗಿಯ ಬಣ್ಣ ತುಂಬುತ್ತಾನೆ. ಅಳಿಸುವ ಮುನ್ನ ಆ ಕೈ ಯಾರದೆಂದು ಒಬ್ಬರು ಕೇಳಿದರೂ ಸಾಕು, ಕಟ್ಟಿದ ಬಾಯಿ ಬಿಚ್ಚೀತು.