ಡಿ ಡ್ರೈವ್‌ನಲ್ಲಿ ಇದ್ದೂ ಇಲ್ಲದ ತಂತ್ರಾಂಶ

ಪ್ರಾಜೆಕ್ಟ್ ವರದಿ ಒಪ್ಪಿಸಲು ಎರಡೇ ದಿನ ಇರುವಾಗ ಮನೆಯ ಕಂಪ್ಯೂಟರ್ ಕೈಕೊಡುತ್ತದೆ. ಅಂಗಡಿಯವರು ನೋಡಿ, 'ವಿಂಡೋಸ್ ಕೆಟ್ಟಿದೆ, ಫಾರ್ಮ್ಯಾಟ್ ಮಾಡಬೇಕು. ಸಿ ಮಾತ್ರ ಅಳಿಸ್ತೀವಿ, ಡಿ ಮುಟ್ಟಲ್ಲ' ಎನ್ನುತ್ತಾರೆ. 'ಅಪ್ಪಾ, ನನ್ನ ಸಾಫ್ಟ್‌ವೇರ್ ಎಲ್ಲ ಡಿಯಲ್ಲೇ ಇದೆ, ಏನೂ ಆಗಲ್ಲ' ಎಂದು ಮಗನೂ ಧೈರ್ಯ ಹೇಳುತ್ತಾನೆ. ಸಂಜೆ ಕಂಪ್ಯೂಟರ್ ಮನೆಗೆ ಬರುತ್ತದೆ. ಡಿ ಡ್ರೈವ್ ತೆರೆದರೆ ಎಲ್ಲವೂ ಇದ್ದಲ್ಲೇ ಇದೆ. ಆದರೆ ಒಂದು ತಂತ್ರಾಂಶವೂ ಸರಿಯಾಗಿ ತೆರೆಯುವುದಿಲ್ಲ. ಯಾವುದೋ ಡಿಎಲ್‌ಎಲ್ ಕಡತ ಸಿಗುತ್ತಿಲ್ಲವೆಂಬ ಸಂದೇಶ ಬರುತ್ತದೆ. ಅಂಗಡಿಯವರ ಮೇಲೆ ಅನುಮಾನ ಬರುವುದು ಸಹಜ. ಪಾಪ, ಅವರು ಮಾತಿಗೆ ತಪ್ಪಿಲ್ಲ.

ಹಾಗಾದರೆ ತಪ್ಪಿದ್ದೆಲ್ಲಿ? ಸಿ ಮತ್ತು ಡಿ ಎಂಬವು ಸಾಮಾನ್ಯವಾಗಿ ಒಂದೇ ಡಿಸ್ಕಿನೊಳಗೆ ಗೋಡೆ ಎಬ್ಬಿಸಿ ಮಾಡಿದ ಎರಡು ಕೋಣೆಗಳು. (ಎ ಮತ್ತು ಬಿ ಅಕ್ಷರಗಳು ಫ್ಲಾಪಿಗಳಿಗೆ ಮೀಸಲಾಗಿದ್ದವು. ಫ್ಲಾಪಿ ಹೋದರೂ ಎಣಿಕೆ ಸಿಯಿಂದಲೇ ಶುರು!) ಹಿಂದೆ ಈ ಗೋಡೆ ಅನಿವಾರ್ಯವೂ ಆಗಿತ್ತು. 1995ರಲ್ಲಿ ಬಂದ ವಿಂಡೋಸ್ 95ರ ಮೊದಲ ಆವೃತ್ತಿ 2 ಗಿಗಾಬೈಟ್‌ಗಿಂತ ದೊಡ್ಡ ವಿಭಾಗವನ್ನು ನಿಭಾಯಿಸುತ್ತಿರಲಿಲ್ಲ. 1996ರ ಪರಿಷ್ಕೃತ ಆವೃತ್ತಿಯಲ್ಲಿ ಆ ಮಿತಿ ಹೋಯಿತು, ಅಭ್ಯಾಸ ಮಾತ್ರ ಉಳಿಯಿತು.

ಡಾಸ್ ಕಾಲದ ಎಷ್ಟೋ ತಂತ್ರಾಂಶಗಳು ತಮ್ಮದೇ ಒಂದು ಫೋಲ್ಡರಿನಲ್ಲಿ ಸಂಸಾರ ಹೂಡಿರುತ್ತಿದ್ದವು. ಅದನ್ನು ಎತ್ತಿ ಬೇರೆಡೆ ಇಟ್ಟರೂ ಕೆಲಸ ನಡೆಯುತ್ತಿತ್ತು. ವಿಂಡೋಸಿನಲ್ಲಿ ಹಾಗಲ್ಲ. 'ಡಿಯಲ್ಲಿ ಅಳವಡಿಸು' ಎಂದು ನೀವು ಹೇಳಿದರೂ ದೊಡ್ಡ ಗಂಟು ಮಾತ್ರ ಅಲ್ಲಿಗೆ ಹೋಗುತ್ತದೆ. ಹಲವು ತಂತ್ರಾಂಶಗಳು ಹಂಚಿಕೊಳ್ಳುವ ಡಿಎಲ್‌ಎಲ್ ಕಡತಗಳು ಸಿಯಲ್ಲಿರುವ ವಿಂಡೋಸ್ ಫೋಲ್ಡರ್ ಸೇರುತ್ತವೆ. ಬಳಕೆದಾರರ ಆಯ್ಕೆಗಳು ಸಿಯಲ್ಲಿರುವ ಅವರ ಹೆಸರಿನ ಫೋಲ್ಡರಿಗೆ ಹೋಗುತ್ತವೆ. ತಂತ್ರಾಂಶ ಎಲ್ಲಿದೆ, ಯಾವ ಬಗೆಯ ಕಡತವನ್ನು ಯಾವುದು ತೆರೆಯಬೇಕು ಎಂಬ ವಿವರ ರಿಜಿಸ್ಟ್ರಿ ಎಂಬ ನೋಂದಣಿ ಪುಸ್ತಕದಲ್ಲಿ ದಾಖಲಾಗುತ್ತದೆ. ಅದಿರುವುದೂ ಸಿಯಲ್ಲೇ. ಮನೆ ಊರಾಚೆ ಇದ್ದರೂ ಅದರ ಖಾತೆ ಪಂಚಾಯಿತಿ ಕಚೇರಿಯಲ್ಲಿರುತ್ತದಲ್ಲ, ಹಾಗೆ. ಸಿ ಅಳಿಸಿದರೆ ಕಚೇರಿಯ ಕಡತಗಳು ಸುಟ್ಟಂತೆ. ಮನೆ ನಿಂತಿರುತ್ತದೆ, ದಾಖಲೆಯಲ್ಲಿ ಇರುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಪೆಟ್ಟು. ನುಡಿ, ಬರಹಗಳ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಪ್ರಬಂಧ ಡಿಯಲ್ಲಿ ಕ್ಷೇಮವಾಗಿಯೇ ಇರುತ್ತದೆ. ಫಾಂಟ್‌ಗಳು ಸಿಯಲ್ಲಿದ್ದುದರಿಂದ ಹೋಗಿರುತ್ತವೆ. ತೆರೆದರೆ ಪುಟದ ತುಂಬ ತಲೆಬುಡವಿಲ್ಲದ ರೋಮನ್ ಅಕ್ಷರಗಳು. ಪ್ರಬಂಧ ಕೆಟ್ಟಿತೆಂದು ಅಳಿಸಿಬಿಡಬೇಡಿ. ಅದೇ ಫಾಂಟ್ ಮತ್ತೆ ಹಾಕಿದರೆ ಕನ್ನಡ ಮರಳುತ್ತದೆ.

ಡಿಯಲ್ಲಿ ನೂರಾರು ಗಿಗಾಬೈಟ್ ಖಾಲಿ ಇದ್ದರೂ ಜಾಗ ಸಾಲದೆಂದು ಅಳವಡಿಕೆ ಅರ್ಧಕ್ಕೆ ನಿಲ್ಲುವುದೂ ಇದೇ ಕಾರಣಕ್ಕೆ. ತಾತ್ಕಾಲಿಕ ಕಡತಗಳನ್ನು ಬಿಚ್ಚುವುದು ಸಾಮಾನ್ಯವಾಗಿ ಸಿಯಲ್ಲಿ. ಜಾಗ ಮಾಡಲೆಂದು ವಿಂಡೋಸ್ ಫೋಲ್ಡರಿನೊಳಗಿನ ಇನ್‌ಸ್ಟಾಲರ್ ಫೋಲ್ಡರನ್ನು ಅಳಿಸುವವರುಂಟು. ಆಮೇಲೆ ಕೆಲವು ತಂತ್ರಾಂಶಗಳನ್ನು ದುರಸ್ತಿ ಮಾಡಲೂ ಆಗದು, ತೆಗೆಯಲೂ ಆಗದು. ಡಿಯನ್ನು ಕುಗ್ಗಿಸಿ ಸಿಗೆ ಕೊಡೋಣವೆಂದರೆ ಬಿಡುವಾಗುವ ಜಾಗ ಡಿಯ ಆಚೆ ತುದಿಯಲ್ಲಿರುತ್ತದೆ. ವಿಂಡೋಸಿನ ಸ್ವಂತ ಸಾಧನಕ್ಕೆ ಪಕ್ಕದಲ್ಲೇ ಖಾಲಿ ಜಾಗ ಬೇಕು. ಆದ್ದರಿಂದ ಹೊಸ ಕಂಪ್ಯೂಟರ್ ಕೊಳ್ಳುವಾಗಲೇ ಸಿಗೆ ಧಾರಾಳವಾಗಿ ಜಾಗ ಬಿಡಿಸಿಕೊಳ್ಳಿ. 2021ರಲ್ಲಿ ಬಂದ ವಿಂಡೋಸ್ 11 ಕೇಳುವ 64 ಗಿಗಾಬೈಟ್ ಕನಿಷ್ಠ ಮಾತ್ರ. ಸಾಧಾರಣ ತಂತ್ರಾಂಶಗಳು ಸಿಯಲ್ಲೇ ಇರಲಿ. ಡಿ ಇರುವುದು ನಿಮ್ಮ ಬರಹ, ಚಿತ್ರ, ಪಾಠಗಳಿಗೆ. ಅವುಗಳ ಇನ್ನೊಂದು ಪ್ರತಿ ಹೊರಗಿನ ಡಿಸ್ಕಿನಲ್ಲಿರಬೇಕು, ಏಕೆಂದರೆ ಡಿಸ್ಕೇ ಸತ್ತರೆ ಎರಡೂ ಕೋಣೆ ಒಟ್ಟಿಗೆ ಹೋಗುತ್ತವೆ.

ಈಗಾಗಲೇ ಫಾರ್ಮ್ಯಾಟ್ ಆಗಿದ್ದರೆ ಗಾಬರಿ ಬೇಡ. ತಂತ್ರಾಂಶದ ಫೋಲ್ಡರಿನೊಳಗೆ ನಿಮ್ಮ ಕಡತಗಳಿದ್ದರೆ ಮೊದಲು ಹೊರತೆಗೆಯಿರಿ. ನಂತರ ಅದೇ ತಂತ್ರಾಂಶವನ್ನು ಹೊಸದಾಗಿ ಅಳವಡಿಸಿ. ಪರವಾನಗಿ ಸಂಖ್ಯೆ ಕೇಳಿದಾಗ ಹುಡುಕಾಡುವ ಬದಲು ಮೊದಲೇ ಪುಸ್ತಕದಲ್ಲಿ ಬರೆದಿಟ್ಟರೆ ಅರ್ಧ ದಿನ ಉಳಿಯುತ್ತದೆ.

ಇನ್ನು ಆ ಪ್ರಾಜೆಕ್ಟ್ ವರದಿ. ಕಣ್ಣೆದುರಿಗೇ ಇರಲೆಂದು ವಿದ್ಯಾರ್ಥಿಗಳು ಅದನ್ನು ಡೆಸ್ಕ್‌ಟಾಪ್‌ನಲ್ಲಿ ಇಡುತ್ತಾರೆ. ಡೆಸ್ಕ್‌ಟಾಪ್ ಕೂಡ ಸಾಮಾನ್ಯವಾಗಿ ಸಿಯೊಳಗಿನ ಒಂದು ಫೋಲ್ಡರ್ ಎಂಬುದು ಹಲವರಿಗೆ ತಿಳಿಯದು. ವಿಂಡೋಸ್ ತೆರೆಯದಿದ್ದರೂ, ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕಿರದಿದ್ದರೆ, ಅದನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿ ಆ ಕಡತಗಳನ್ನು ನಕಲು ಮಾಡಿಕೊಳ್ಳಬಹುದು. ಫಾರ್ಮ್ಯಾಟಿಗೆ ಒಪ್ಪುವ ಮೊದಲೇ ಅಂಗಡಿಯವರಿಗೆ ಇದನ್ನು ಬಾಯಿಬಿಟ್ಟು ಹೇಳಿ.